ಹೆಣವಿಲ್ಲದ ಮನೆಯ ಹಾಲುತುಪ್ಪ

ಈ ಸಭೆಯ ಅಧ್ಯಕ್ಷರೂ, ನಮ್ಮ ಪಂಚಾಯಿತಿಯ ಚೇರ್ಮನ್ನರೂ, ಅದಕ್ಕಿಂತ ಹೆಚ್ಚಾಗಿ ನಾನು ಹುಟ್ಟಿದಾಗಿನಿಂದ ನಮ್ಮ ಪಕ್ಕದ ಮನೆಯವರೂ ಆದ ಶ್ರೀ ಸದಾಶಿವಪ್ಪನವರೇ, ಪೂಜ್ಯ ಗುರುಗಳಾದ ಫಾದರ್ ಲಿಗೋರಿಯವರೇ, ಕಾಮಗೆರೆಯಿಂದ ಈ ಬಿಸಿಲಿನಲ್ಲಿ ದಯಮಾಡಿಸಿರುವ ಕನ್ಯಾಸ್ತ್ರೀಯರೇ, ಕೊಳ್ಳೇಗಾಲದ ರೇಷ್ಮೆ ನೂಲು ಬಿಚ್ಚಾಣಿಕೆ ಕಾರ್ಖಾನೆಯ ನನ್ನ ಹಳೆಯ ಸಂಗಾತಿಗಳೇ, ಹೊಸಪಾಳ್ಯದ ತಾಯಂದಿರೇ, ಮುಂದಿನ ಸಾಲಿನಲ್ಲಿ ಕೂತು ಈಗಾಗಲೇ ಆಕಳಿಸುತ್ತಿರುವ ಮಕ್ಕಳೇ, ಸಭಿಕರೇ,

ಈ ಮೈಕು ಇದಕ್ಕಿಂತ ಮೇಲೆ ಏಳುವುದಿಲ್ಲವಂತೆ. ಆದ್ದರಿಂದ ನಾನೇ ಬಗ್ಗಿ ಮಾತಾಡುತ್ತೇನೆ. ನನ್ನ ವಯಸ್ಸಿನವರಿಗೆ ಬಗ್ಗುವುದು ಸುಲಭ, ಮತ್ತೆ ನೆಟ್ಟಗಾಗುವುದೇ ಕಷ್ಟ. ಭಾಷಣ ಮುಗಿದ ಮೇಲೂ ನಾನು ಹೀಗೇ ನಿಂತಿದ್ದರೆ ವಿನಯ ಎಂದು ತಿಳಿಯಬೇಡಿ, ಯಾರಾದರೂ ಬಂದು ಎತ್ತಿ.

ಸನ್ಮಾನ ಎಂದರೆ ಹಾರ ಇರುತ್ತದೆ. ಆದರೆ ಇದು ತಪಸ್ಸಿನ ಕಾಲ, ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ಉಪವಾಸದ ದಿನಗಳು, ನಾಳೆ ಗರಿಗಳ ಭಾನುವಾರ, ಇಂಥ ದಿನಗಳಲ್ಲಿ ಹೂವಿನ ಹಾರ ಸಲ್ಲದು ಎಂದು ಫಾದರ್ ನನಗೆ ಟವೆಲ್ ಹೊದಿಸಿದ್ದಾರೆ. ನನಗೆ ಬೇಸರವಿಲ್ಲ. ಹಾರ ಬೆಳಿಗ್ಗೆ ಹೊತ್ತಿಗೆ ಬಾಡುತ್ತದೆ. ಟವೆಲಿನಲ್ಲಿ ನಾಲ್ಕು ವರ್ಷ ಮುಖ ಒರೆಸಬಹುದು.

ನಮ್ಮ ದೇವಾಲಯಕ್ಕೆ ಈ ಸಾವಿರದ ಒಂಬೈನೂರ ಎಪ್ಪತ್ತೊಂದನೇ ಇಸವಿಗೆ ಎಪ್ಪತ್ತು ವರ್ಷ ತುಂಬಿತು. ಆ ಸಂತೋಷಕ್ಕೆ ಹೊಸಪಾಳ್ಯದ ಮೊದಲ ಕ್ರೈಸ್ತ ಕುಟುಂಬವನ್ನು ಸನ್ಮಾನಿಸಬೇಕೆಂದು ಸಂಘದವರು ತೀರ್ಮಾನಿಸಿದರು. ಮನೆಗೆ ಬಂದು, “ಇನ್ನಾಸಪ್ಪನೋರೆ, ನಿಮ್ಮ ಕುಟುಂಬಕ್ಕೆ ವೇದಿಕೆ ಮ್ಯಾಲೆ ಎಷ್ಟು ಕುರ್ಚಿ ಆಕ್ಸದು?” ಎಂದು ಕೇಳಿದರು. ಒಂದು ಸಾಕು ಎಂದೆ. ನಕ್ಕು, ಕಾಫಿ ಕೊಟ್ಟು ಕಳಿಸಿದೆ.

ಹೌದು, ನನ್ನ ತಾತನಿಂದ ಶುರುವಾದ ಕುಟುಂಬ ನನ್ನಲ್ಲಿಗೆ ನಿಲ್ಲುತ್ತದೆ. ನನಗೂ ಮಾರ್ತಮ್ಮನಿಗೂ ಮಕ್ಕಳಾಗಲಿಲ್ಲ. ಮಾರ್ತಮ್ಮ ನನ್ನ ಹೆಂಡತಿ. ಹೊಸದಾಗಿ ಊರಿಗೆ ಬಂದವರಿಗಾಗಿ ಹೇಳುತ್ತಿದ್ದೇನೆ, ಹಳಬರಿಗೆ ಗೊತ್ತು. ಅವಳ ತವರು ಹನೂರಿನಾಚೆ, ಬೆಟ್ಟದ ತಪ್ಪಲು. ಅರ್ಧ ಕನ್ನಡ, ಅರ್ಧ ತಮಿಳು. ಐವತ್ತಾರನೇ ಇಸವಿಯಲ್ಲಿ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂತಲ್ಲ, ಆವತ್ತು ನಾನು ಮನೆಗೆ ಬಂದು, ಇನ್ನು ಮೇಲೆ ನೀನು ಮೈಸೂರಿನವಳು, ತಮಿಳು ಬಿಡು ಎಂದು ತಮಾಷೆ ಮಾಡಿದೆ. ಅವಳು ರೊಟ್ಟಿ ತಟ್ಟುತ್ತ, ಬದಲಾಗುವುದಕ್ಕೆ ತಮಿಳಿನ ‘ಮಾರು’ ಸೇರಿಸಿ, “ಗವರ್ಮೆಂಟು ಮಾರ್ದ್ರೆ ಬಾಯಿ ಮಾರುಮಾ? ಓಗಿ ಕೈ ತೊಳ್ಕಂಡು ಬಾಂಗ” ಎಂದಳು. ನಾನು ಕೈ ತೊಳೆದುಕೊಂಡು ಬಂದೆ.

ಆದರೆ ಇವತ್ತು ನಾನು ಹೇಳಬೇಕಾದದ್ದು ತಾತನ ವಿಷಯ. ಫಾದರ್ ಲಿಗೋರಿಯವರು ಮಂಗಳೂರಿನವರು, ಪುಸ್ತಕದಂಥ ಕನ್ನಡ. ಹೋದ ತಿಂಗಳು ಮನೆಗೆ ಬಂದು ಹೇಳಿದರು, “ಇನ್ನಾಸಪ್ಪನವರೇ, ನಿಮ್ಮ ಅಜ್ಜನ ಹಾಲುತುಪ್ಪದ ಕಥೆ ಉಂಟಲ್ಲ ಮಾರಾಯ್ರೆ, ಅದನ್ನು ಸಭೆಯಲ್ಲಿ ಹೇಳಿಬಿಡಿ. ಜನ ನಗ್ತಾರೆ, ಅವರ ಭಕ್ತಿಯೂ ಸ್ವಲ್ಪ ಹೆಚ್ಚಾಗ್ತದೆ.” ನಾನು ಒಪ್ಪಿಕೊಂಡೆ. ಏಕೆ ಒಪ್ಪಬಾರದು? ಆ ಕಥೆಯನ್ನು ನಾನು ಎಲ್ಲಿ ಹೇಳಿಲ್ಲ? ಬೋರ್ಡಿಂಗ್ ಶಾಲೆಯಲ್ಲಿ ಹೇಳಿದ್ದೇನೆ, ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಎಲೆ ಹಾಕುವ ಮುಂಚೆ ಹೊತ್ತು ಕಳೆಯಲು ಹೇಳಿದ್ದೇನೆ. ಕೇಳಿದವರು ಹೊಟ್ಟೆ ಹಿಡಿದು ನಕ್ಕಿದ್ದಾರೆ. ನೀವೂ ನಗಬಹುದು, ಫಾದರ್ ಅಪ್ಪಣೆ ಕೊಟ್ಟಿದ್ದಾರೆ.

ನನ್ನ ತಾತನ ಹೆಸರು ಕ್ಯಾತಯ್ಯ. ಜ್ಞಾನಸ್ನಾನ ಆದಮೇಲೆ ರಾಯಪ್ಪ. ಊರವರಿಗೆ ಹಳೆಯ ಹೆಸರು ಬಿಡಲು ಮನಸ್ಸಿಲ್ಲ, ಹೊಸ ಹೆಸರು ಬೇಡ ಎನ್ನಲು ಧೈರ್ಯವಿಲ್ಲ. ಎರಡನ್ನೂ ಸೇರಿಸಿ ಕ್ಯಾತರಾಯಪ್ಪ ಎಂದು ಕರೆದರು. ಪ್ಲೇಗಿನ ಮರುವರ್ಷ ಜ್ಞಾನಸ್ನಾನ ಆದದ್ದು. ಆಗ ಈ ದೇವಾಲಯ ಎಂದರೆ ಒಂದು ಹುಲ್ಲಿನ ಜೋಪಡಿ. ಸ್ವಾಮಿಗಳು, ಅಂದರೆ ಆಗಿನ ಬಿಳಿಯ ಪಾದ್ರಿಗಳು, ತಿಂಗಳಿಗೊಮ್ಮೆ ಕುದುರೆಯ ಮೇಲೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಒಬ್ಬ ಉಪದೇಶಿ ಬಂದು ಜಪ ಕಲಿಸುತ್ತಿದ್ದರು.

ತಾತನಿಗೆ ಅದು ಮೊದಲ ತಪಸ್ಸಿನ ಕಾಲ. ಕೊನೆಯ ವಾರ ಉಪದೇಶಿ ಬಂದು ಶಿಲುಬೆಗೇರಿದ ನಮ್ಮ ಸ್ವಾಮಿಯ ಪಾಡನ್ನು ಹೇಳಿದರು. ಹಿಡಿದದ್ದು, ಹೊಡೆದದ್ದು, ಮುಳ್ಳು ಚುಚ್ಚಿದ್ದು. ತಾತ ಕೇಳಿದನಂತೆ, “ಯಾವತ್ತು ಸಾ ತೀರ್ಕಳದು?” ಉಪದೇಶಿ, “ನಾಡಿದ್ದು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಗೆ” ಎಂದರು. ಅವರು ಹೇಳಿದ್ದು ಆಚರಣೆಯ ಲೆಕ್ಕ. ತಾತ ಎದ್ದು ಮನೆಗೆ ಹೋದ.

ಮನೆಗೆ ಹೋಗಿ ಮಾಡಿದ್ದೇನು? ನಮ್ಮ ಕಡೆ ಯಾರಾದರೂ ಸತ್ತರೆ ಏನು ಮಾಡುತ್ತಾರೋ ಅದನ್ನು. ನೆಂಟರಿಷ್ಟರಿಗೆಲ್ಲ ಸಾವಿನ ಸುದ್ದಿ ಕಳಿಸಿದ. ಮಧುವನಹಳ್ಳಿಗೆ ಒಬ್ಬ ಓಡಿದ, ಯಳಂದೂರಿನ ಕಡೆ ಹೊನ್ನೂರಿಗೆ ಒಬ್ಬ, ಹನೂರಿಗೆ ಒಬ್ಬ. “ನಮ್ಮೊಡೇರು ತೀರ್ಕಂಡ್ರು, ಶುಕ್ರವಾರ ಮಣ್ಣು, ಬನ್ನಿ” ಎಂಬುದೇ ಸುದ್ದಿ. ಯಾವ ಒಡೆಯರು, ಎಲ್ಲಿಯ ಒಡೆಯರು ಎಂದು ಸಾವಿನ ಮನೆಯ ಆಳನ್ನು ಯಾರು ನಿಲ್ಲಿಸಿ ಕೇಳುತ್ತಾರೆ? ಶುಕ್ರವಾರ ತಾತ ಒಲೆಗೆ ನೀರು ಸುರಿದ, ತಲೆ ಬೋಳಿಸಿಕೊಂಡ, ಮೀಸೆ ತೆಗೆಸಿದ, ಜಗುಲಿಯ ಮೇಲೆ ಕೂತ.

ಬಂದರಪ್ಪ ಜನ! ಗಾಡಿ ಕಟ್ಟಿಕೊಂಡು ಬಂದರು, ನಡೆದು ಬಂದರು, ತಮಟೆಯವರನ್ನು ಕರೆತಂದರು. ಮಧುವನಹಳ್ಳಿಯ ಬೀಗರು ಹೆಣಕ್ಕೆ ಹೊದಿಸಲು ಹೊಸ ಪಂಚೆ ತಂದರು. ಹೆಂಗಸರು ಬೇಲಿಯಿಂದಲೇ ತಲೆಕೂದಲು ಬಿಚ್ಚಿ ಅಳುತ್ತ ಬಂದರು. ಒಳಗೆ ಬಂದು ನೋಡಿದರೆ ಹೆಣವೇ ಇಲ್ಲ! ಚಾಪೆಯ ಮೇಲೆ ಒಂದು ಮರದ ಶಿಲುಬೆ ಮಲಗಿಸಿದೆ, ತಲೆಯ ಹತ್ತಿರ ದೀಪ ಉರಿಯುತ್ತಿದೆ.

ನೋಡಿ, ನಗುತ್ತಿದ್ದೀರಿ. ನಗಿ, ನಗಿ. ಹೊನ್ನೂರಿನಿಂದ ಬಂದ ಜವರಮ್ಮ ಎಂಬ ಮುದುಕಿ, ತಾತನ ಸೋದರತ್ತೆ, ಅಳು ನಿಲ್ಲಿಸಿ ಕೇಳಿದಳಂತೆ:

“ಲೇ ಕ್ಯಾತ, ಯಾರ್ಲಾ ಸತ್ತಿರದು?”

“ನಮ್ಮ ಸ್ವಾಮಿ ಕಣತ್ತೆ.”

“ವಯಸ್ಸೇಟು?”

“ಮೂವತ್ತಮೂರಂತೆ.”

“ಅಯ್ಯೋ ನನ್ನಪ್ಪ, ಎಳೇ ಪ್ರಾಯ. ಮದ್ವೆ ಆಗಿತ್ತಾ?”

“ಇಲ್ಲ ಕಣತ್ತೆ.”

“ಎತ್ತವ್ವ ಇದ್ದಾಳಾ?”

“ಅವ್ಳೆ. ಕಣ್ಣ ಮುಂದ್ಲೇ ಒಡ್ದು ಒಡ್ದು ಸಾಯ್ಸುದ್ರಂತೆ.”

ಅಷ್ಟೇ. ಜವರಮ್ಮ ಎದೆ ಬಡಿದುಕೊಂಡು ಕುಸಿದು ಕೂತಳು. ಆಮೇಲೆ ಹೆಣ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಇಡೀ ಮನೆ ಅತ್ತಿತು. ತಮಟೆ ಬಾರಿಸಿದರು. ಆ ಅಳು ಕೇಳಿ ಊರೇ ಸೇರಿತು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಹಾಗಾಗಿ ಪಕ್ಕದ ಮನೆಯವರು, ನಮ್ಮ ಅಧ್ಯಕ್ಷರ ಅಜ್ಜಿ ಪುಟ್ಟಮಲ್ಲಮ್ಮನವರು, ಒಂದು ಮಡಕೆ ಅಂಬಲಿ ತಂದು ಬೇಲಿಯ ಹತ್ತಿರ ಇಟ್ಟರು. ಬೇಲಿ ದಾಟಿ ಒಳಗೆ ಬರಲಿಲ್ಲ, ಕಾಲ ಹಾಗಿತ್ತು. ಆದರೆ ಇಟ್ಟರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನಮ್ಮಲ್ಲಿ ಸತ್ತ ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುತ್ತಾರೆ, ನಿಮಗೆಲ್ಲ ತಿಳಿದದ್ದೇ. ಶುಕ್ರವಾರದಿಂದ ಮೂರನೆಯ ದಿನ ಯಾವುದು? ಭಾನುವಾರ! ತಾತ ಬೆಳ್ಳಂಬೆಳಿಗ್ಗೆ ಸ್ನಾನ ಮಾಡಿ, ಚೆಂಬಿನಲ್ಲಿ ಹಾಲು ತುಪ್ಪ ಹಿಡಿದು, ಜೋಪಡಿಯ ದೇವಾಲಯಕ್ಕೆ ಹೋದ. ಅವತ್ತು ಪಾಸ್ಕ ಹಬ್ಬದ ಪೂಜೆಗೆ ಸ್ವಾಮಿಗಳೇ ಬಂದಿದ್ದರು. ಬೋಳು ತಲೆಯ ತಾತ ಹೋಗಿ, “ಸಾಮಿ, ಸಮಾದಿ ಎಲ್ಲದೆ? ಆಲುತುಪ್ಪ ಬುಡ್ಬೇಕು” ಎಂದ. ಸ್ವಾಮಿಗಳು ಅವನನ್ನೇ ನೋಡಿ, “ಸಮಾಧಿಯಲ್ಲಿ ಯಾರೂ ಇಲ್ಲ ರಾಯಪ್ಪ. ಅವರು ಎದ್ದರು” ಎಂದರು. ತಾತ ಚೆಂಬು ನೋಡಿದ, ಸ್ವಾಮಿಗಳನ್ನು ನೋಡಿದ. “ಅಂಗಾರೆ ಈ ಆಲ ಏನ್ ಮಾಡ್ಲಿ?” ಎಂದ. ಸ್ವಾಮಿಗಳು, “ಎದ್ದವರಿಗೆ ಹಸಿವಿರುತ್ತದೆ. ದಾರಿಯಲ್ಲಿ ಮೊದಲು ಸಿಕ್ಕ ಮಗುವಿಗೆ ಕುಡಿಸು” ಎಂದರಂತೆ.

ಇದು ನಮ್ಮ ಮನೆಯ ಕಟ್ಟಳೆಯಾಯಿತು. ದೊಡ್ಡ ಶುಕ್ರವಾರ ಒಲೆ ಆರಿಸುವುದು, ಶಿಲುಬೆಯನ್ನು ಚಾಪೆಯ ಮೇಲೆ ಮಲಗಿಸುವುದು, ಬಂದವರ ಜೊತೆ ಅಳುವುದು, ಸದಾಶಿವಪ್ಪನವರ ಮನೆಯ ಅಂಬಲಿ ಕುಡಿಯುವುದು, ಮೂರನೆಯ ದಿನ ಹಾಲುತುಪ್ಪ ಹಿಡಿದು ಪೂಜೆಗೆ ಹೋಗಿ ಹಿಂದಕ್ಕೆ ಬರುವಾಗ ಎದುರಿಗೆ ಬಂದ ಮಗುವಿಗೆ ಕುಡಿಸುವುದು. ನನ್ನ ಅಪ್ಪ ನಡೆಸಿದರು. ನಾನೂ ನಡೆಸಿದೆ ಎನ್ನಬೇಕು, ಆದರೆ ನಿಜವಾಗಿ ನಡೆಸಿದವಳು ಮಾರ್ತಮ್ಮ. ನನಗೆ ನಾಚಿಕೆ. ಓದಿದವನು, ಫೋರ್ಮನ್ನು, ಕೆಳಗೆ ನಲವತ್ತು ಹೆಂಗಸರು ನೂಲು ತೆಗೆಯುತ್ತಾರೆ, ನಾನು ಮನೆಯಲ್ಲಿ ಮರದ ಶಿಲುಬೆಯ ಮುಂದೆ ಕೂತು ಅಂಬಲಿ ಕುಡಿಯುವುದೇ? ಅವಳು ಅಳುತ್ತಿದ್ದಳು, ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. “ಸಾಮಿ ಮುಂದ ಕುಂತ್ಕಂಡು ಫ್ಯಾಕ್ಟ್ರಿ ಗ್ಯಾನ ಮಾಡ್ತೀರಲ್ಲ” ಎಂದು ಬೈಯುತ್ತಿದ್ದಳು. ಆದರೆ ಪಾಸ್ಕದ ದಿನ ಅವಳು ಹಾಲು ಕುಡಿಸುವುದನ್ನು ನೋಡಲು ನಾನು ತಪ್ಪದೆ ಜೊತೆಗೆ ಹೋಗುತ್ತಿದ್ದೆ. ಮಗುವಿನ ಗಲ್ಲ ಹಿಡಿದು ಕುಡಿಸಿ, ಸೆರಗಿನಲ್ಲಿ ಅದರ ಬಾಯಿ ಒರೆಸಿ, ಆ ಸೆರಗನ್ನು ಮನೆಯವರೆಗೂ ಕೈಯಲ್ಲೇ ಹಿಡಿದುಕೊಂಡು ಬರುತ್ತಿದ್ದಳು. ಇಲ್ಲಿ ಕೂತಿರುವ ದೊಡ್ಡ ಮೀಸೆಯವರಲ್ಲಿ ಕೆಲವರು ಆ ಹಾಲು ಕುಡಿದವರಿದ್ದಾರೆ. ಹೆಸರು ಹೇಳುವುದಿಲ್ಲ, ಅವರ ಹೆಂಡತಿಯರು ಪಕ್ಕದಲ್ಲೇ ಇದ್ದಾರೆ.

ಮಾತು ಎಲ್ಲಿಗೋ ಹೋಯಿತು. ಕ್ಷಮಿಸಬೇಕು. ನನಗೆ ಕೊಟ್ಟ ವಿಷಯ ‘ನಮ್ಮ ಪೂರ್ವಜರು ಮತ್ತು ನಮ್ಮ ವಿಶ್ವಾಸ’. ಪೂರ್ವಜರ ಬಗ್ಗೆ ಹೇಳಿದೆ. ವಿಶ್ವಾಸದ ಬಗ್ಗೆ ಏನು ಹೇಳಲಿ? ಎಂಟು ವರ್ಷದಿಂದ ಈ ದೇವಾಲಯದ ಹೊಸ್ತಿಲು ತುಳಿಯದವನನ್ನು ವೇದಿಕೆ ಹತ್ತಿಸಿ ವಿಶ್ವಾಸದ ಬಗ್ಗೆ ಮಾತಾಡು ಎಂದರೆ ಅದು ಸಂಘದವರ ವಿಶ್ವಾಸ, ನನ್ನದಲ್ಲ. ಪೂಜೆಗೆ ಏಕೆ ಬರುವುದಿಲ್ಲ ಎಂದು ಕೇಳಿದವರಿಗೆಲ್ಲ ಮಂಡಿ ನೋವು ಎಂದು ಹೇಳುತ್ತ ಬಂದಿದ್ದೆ. ಒಂದು ದಿನ ಕೊಳ್ಳೇಗಾಲದ ಬಸ್ಸು ಹಿಡಿಯಲು ಓಡುತ್ತಿದ್ದಾಗ ಫಾದರ್ ಎದುರಿಗೇ ಸಿಕ್ಕರು. “ಓಹೋ, ಮಂಡಿ ಗುಣ ಆಯ್ತಾ ಮಾರಾಯ್ರೆ!” ಎಂದರು. ಅಲ್ಲಿಂದ ಮುಂದೆ ನಾನು ಮಂಡಿಯ ಸುದ್ದಿ ಎತ್ತಲಿಲ್ಲ.

ನಿಜ ಹೇಳಿಬಿಡುತ್ತೇನೆ, ಹೇಗೂ ಮೈಕು ಕೈಗೆ ಸಿಕ್ಕಿದೆ. ಅರವತ್ತಮೂರನೇ ಇಸವಿಯಲ್ಲಿ ಮಾರ್ತಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದಳು. ಅಲ್ಲಿ ಸಿಡುಬು ಬಡಿಯಿತು. ಊರಾಚೆಯ ಸಾಂಕ್ರಾಮಿಕ ರೋಗದ ಆಸ್ಪತ್ರೆಗೆ ಸೇರಿಸಿದರು. ತಂತಿ ನನ್ನ ಕೈಗೆ ಬಂದು, ನಾನು ಬಸ್ಸು ಹತ್ತಿ, ಅಲ್ಲಿ ಇಳಿಯುವ ಹೊತ್ತಿಗೆ ಅವಳನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಆಗಿತ್ತು. ಮುಖ ತೋರಿಸಲಿಲ್ಲ. ಕಾಯಿಲೆ ಅಂಥದ್ದು, ಅವರದು ತಪ್ಪಲ್ಲ. ತಂಗಿಯ ಮನೆಯವರು ಕೂಸಿದೆ ಎಂದು ಹೆದರಿ ಬರಲಿಲ್ಲ, ಅವರದೂ ತಪ್ಪಲ್ಲ. ಊರಿಗೆ ಸುದ್ದಿ ಕಳಿಸುವಾಗ, ಬರಬೇಡಿ ಎಂದು ನಾನೇ ಹೇಳಿ ಕಳಿಸಬೇಕಾಯಿತು. ಸ್ಮಶಾನಕ್ಕೆ ಹೋದವರು ಗಾಡಿಯವನು, ಹೊರುವವರಿಬ್ಬರು, ಹೆಸರು ಗೊತ್ತಿಲ್ಲದ ಒಬ್ಬ ಪಾದ್ರಿಗಳು, ನಾನು. ಅಳುವುದಕ್ಕೆ ಒಬ್ಬ ಹೆಂಗಸೂ ಇರಲಿಲ್ಲ. ಊರಿನ ಎಲ್ಲ ಸಾವಿಗೂ ಹೋಗಿ ಅತ್ತವಳು ಮಾರ್ತಮ್ಮ.

ಮೂರನೆಯ ದಿನ ನಾನು ಹೋಟೆಲಿನಲ್ಲಿ ಹಾಲು ತೆಗೆದುಕೊಂಡೆ, ಅಂಗಡಿಯಲ್ಲಿ ತುಪ್ಪ ತೆಗೆದುಕೊಂಡೆ. ಸ್ಮಶಾನಕ್ಕೆ ಹೋದೆ. ಆ ವರ್ಷ ಸಿಡುಬು ಜಾಸ್ತಿ. ನಡುವಿನ ದಿನಗಳಲ್ಲಿ ಆ ಮೂಲೆಯಲ್ಲಿ ಇನ್ನೂ ಎಷ್ಟೋ ಜನರನ್ನು ಹೂಳಿದ್ದರು. ಎಲ್ಲ ಒಂದೇ ಥರದ ಹಸಿ ಮಣ್ಣಿನ ಗುಡ್ಡೆಗಳು. ಒಂದಕ್ಕೂ ಗುರುತು ಇಟ್ಟಿರಲಿಲ್ಲ. ಯಾವುದು ಅವಳದು? ಅಗೆಯುವವನನ್ನು ಕೇಳಿದೆ, ಇದಿರಬೇಕು ಎಂದ, ಆಮೇಲೆ ಅದಿರಬೇಕು ಎಂದ. ನಾನು ಬಿಸಿಲೇರುವವರೆಗೂ ಆ ಗುಡ್ಡೆಗಳ ನಡುವೆ ತಿರುಗಿದೆ. ಬೇರೆಯವರ ಸಮಾಧಿಗೆ ಅವಳ ಹಾಲು ಬಿಟ್ಟೇನೆಂದು ಹೆದರಿ ಎಲ್ಲಿಯೂ ಬಿಡಲಿಲ್ಲ. ಹಾಲು ಒಡೆಯಿತು. ಬಸ್ ಸ್ಟ್ಯಾಂಡಿನ ಚರಂಡಿಗೆ ಚೆಲ್ಲಿ ಊರಿಗೆ ಬಂದೆ.

ನನ್ನ ತಾತನಿಗೆ ಖಾಲಿ ಸಮಾಧಿ ಸಿಕ್ಕಿತು. ನನಗೆ ಸಮಾಧಿಯೇ ಸಿಗಲಿಲ್ಲ. ಇಂಥವನು ಎದ್ದ ದೇವರ ಪೂಜೆಗೆ ಹೇಗೆ ಬರಲಿ, ನೀವೇ ಹೇಳಿ.

ಆಗಿದ್ದ ಗುರುಗಳು ಮನೆಗೆ ಬಂದು ಸಮಾಧಾನ ಹೇಳಿದರು. ಪುಣ್ಯಾತ್ಮರು. “ಇನ್ನಾಸಪ್ಪ, ರೇಷ್ಮೆಯ ಗೂಡನ್ನು ನೋಡು. ಹುಳು ಸತ್ತಂತೆ ಕಾಣುತ್ತದೆ, ಒಂದು ದಿನ ಚಿಟ್ಟೆಯಾಗಿ ಗೂಡು ಒಡೆದು ಹೊರಗೆ ಬರುತ್ತದೆ” ಎಂದರು. ನಾನು ಹೇಳಿದೆ, “ಸ್ವಾಮಿ, ಗೂಡು ಒಡೆದರೆ ನೂಲು ಹಾಳು. ಅದು ಹೊರಗೆ ಬರುವ ಮುಂಚೆ ಬಿಸಿ ಹಬೆಯಲ್ಲಿ ಕೊಲ್ಲುವುದಕ್ಕೇ ನನಗೆ ಸಂಬಳ.” ಅವರು ಪಾಪ ಎದ್ದು ಹೋದರು.

ಅವಳು ಹೋದ ಮರುವರ್ಷದ ದೊಡ್ಡ ಶುಕ್ರವಾರ ಮನೆಗೆ ಬೀಗ ಹಾಕಿ ಕೊಳ್ಳೇಗಾಲಕ್ಕೆ ಹೋಗಿ ಟೆಂಟಿನಲ್ಲಿ ಸಿನಿಮಾ ನೋಡಿದೆ. ಯಾವ ಸಿನಿಮಾ ಎಂದು ಕೇಳಬೇಡಿ, ಪರದೆಯ ಮೇಲೆ ಏನು ನಡೆಯಿತೋ ನನಗೆ ಗೊತ್ತಿಲ್ಲ. ವಾಪಸು ಬಂದರೆ ಜಗುಲಿಯ ಮೇಲೆ ಅಂಬಲಿಯ ಪಾತ್ರೆ ಇತ್ತು. ಅಧ್ಯಕ್ಷರ ಶ್ರೀಮತಿ ಶಿವರತ್ನಮ್ಮನವರು ತಂದಿಟ್ಟು, ಬೀಗ ನೋಡಿ, ಮುಚ್ಚಳ ಮುಚ್ಚಿ ಹೋಗಿದ್ದರು. ಇರುವೆ ಮುತ್ತಿತ್ತು. ಬೆಳಿಗ್ಗೆ ತೊಳೆದು ಕೊಟ್ಟುಬಂದೆ. ಅದರ ಮುಂದಿನ ವರ್ಷ ಅಂಬಲಿ ಬರಲಿಲ್ಲ.

ಸಭಿಕರೇ, ಇಷ್ಟಾದರೂ ನಾನು ತಾತನ ಕಥೆ ಹೇಳುವುದನ್ನು ಬಿಟ್ಟಿರಲಿಲ್ಲ. ದೇವರು ಹೋದರೂ ಜೋಕು ಉಳಿದಿತ್ತು. ಈ ಭಾಷಣಕ್ಕಾಗಿ ಇನ್ನಷ್ಟು ವಿವರ ಸಿಗಲಿ ಎಂದು ಹೋದ ವಾರ ಅಧ್ಯಕ್ಷರ ತಾಯಿ ದೊಡ್ಡಬಸಮ್ಮನವರ ಹತ್ತಿರ ಹೋದೆ. ಆ ತಾಯಿಗೆ ಈಗ ಎಂಬತ್ತು ದಾಟಿದೆ, ಮಂಚ ಬಿಟ್ಟು ಏಳುವುದಿಲ್ಲ. ತಾತ ಸಾವಿನ ಸುದ್ದಿ ಕಳಿಸಿದ ವರ್ಷ ಅವರು ಆ ಮನೆಗೆ ಹೊಸದಾಗಿ ಬಂದ ಎಳೆಯ ಸೊಸೆ. ಅತ್ತೆ ಪುಟ್ಟಮಲ್ಲಮ್ಮನವರ ಹಿಂದೆ ಅಂಬಲಿಯ ಮಡಕೆ ಹೊತ್ತು ಬಂದದ್ದು ಅವರೇ. ನಾನು ಮಂಚದ ಪಕ್ಕ ಕೂತು, ಎಂದಿನಂತೆ ಬಣ್ಣ ಹಚ್ಚಿ ಹೇಳಿದೆ. ಬೋಳು ತಲೆ, ತಮಟೆ, ಹೆಣವಿಲ್ಲದ ಚಾಪೆ. ಅಪ್ಪಟ ಮುಗ್ಧ ನಮ್ಮ ತಾತ, ಯಾವ ಕಾಲದಲ್ಲೋ ಸತ್ತವರನ್ನು ಇವತ್ತೇ ಸತ್ತರು ಎಂದುಕೊಂಡುಬಿಟ್ಟ ಎಂದು ನಕ್ಕೆ.

ಅವರು ನಗಲಿಲ್ಲ. “ನಿಮ್ಮ ತಾತನ್ಗೆ ಗೊತ್ತಿರ್ನಿಲ್ಲ ಅಂತ ನಿಂಗ್ಯಾರ್ಲಾ ಏಳ್ದೋರು?” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಹೇಳುತ್ತ ಹೋದರು. ಹಿಂದಿನ ವರ್ಷ ಪ್ಲೇಗು. ಇಲಿ ಬಿದ್ದವು, ಊರು ಖಾಲಿಯಾಯಿತು, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ತಾತನಿಗೆ ನನ್ನ ಅಪ್ಪನಿಗಿಂತ ಮುಂಚೆ ಒಬ್ಬ ಮಗ ಇದ್ದನಂತೆ, ಮುನಿಯ ಎಂದು ಹೆಸರು. ಸಭಿಕರೇ, ನನಗೆ ಹೀಗೊಬ್ಬ ದೊಡ್ಡಪ್ಪ ಇದ್ದ ಎಂದೇ ಗೊತ್ತಿರಲಿಲ್ಲ. ಗುಡಿಸಲಿನಲ್ಲಿ ಆ ಮಗುವಿಗೆ ಗಡ್ಡೆ ಎದ್ದು ತೀರಿಕೊಂಡಿತು. ತಾತ ನೆಂಟರಿಗೆಲ್ಲ ಸುದ್ದಿ ಕಳಿಸಿದ. ಮಧುವನಹಳ್ಳಿಗೆ, ಹೊನ್ನೂರಿಗೆ, ಹನೂರಿಗೆ. ಒಬ್ಬರೂ ಬರಲಿಲ್ಲ. ಪ್ಲೇಗಿನ ಮನೆಗೆ ಯಾರು ಬರುತ್ತಾರೆ? ಮೂರನೆಯ ದಿನಕ್ಕೂ ಬರಲಿಲ್ಲ. ಮಗು ಹೋದ ದಿನ ದಾರಿಯಲ್ಲಿ ಹೋಗುತ್ತಿದ್ದ ಆ ಬಿಳಿಯ ಸ್ವಾಮಿಗಳೇ ಕುದುರೆ ನಿಲ್ಲಿಸಿ, ತಾತನ ಜೊತೆ ಗುಂಡಿ ತೋಡಿ, ಮಗುವನ್ನು ಮಣ್ಣು ಮಾಡಿ ಹೋದರು. ತಾತ ಅವರ ಹಿಂದೆ ಹೋದದ್ದು ಅದಕ್ಕೆ.

ಮರುವರ್ಷ ಆ ಶುಕ್ರವಾರ ಜನವೆಲ್ಲ ಅಳುತ್ತಿದ್ದಾಗ ತಾತ ಅಂಬಲಿ ತೆಗೆದುಕೊಳ್ಳಲು ಬೇಲಿಯ ಹತ್ತಿರ ಬಂದನಂತೆ. ಪುಟ್ಟಮಲ್ಲಮ್ಮನವರು ಗದರಿದರಂತೆ, “ಲೇ ಕ್ಯಾತ, ಯಾವ ಕಾಲ್ದಲ್ಲೋ ಸತ್ತೋರಂತಲ್ಲ ನಿಮ್ಮ ಸ್ವಾಮಿ. ಈಗ್ಯಾಕ್ಲಾ ಜನ್ಗೆ ಸುದ್ದಿ ಕಳ್ಸಿ ಗೋಳುಯ್ಕತೀಯೆ?” ತಾತ ಹೇಳಿದ ಮಾತನ್ನು ದೊಡ್ಡಬಸಮ್ಮನವರು ಹೇಗೆ ಹೇಳಿದರೋ ಹಾಗೆಯೇ ಹೇಳುತ್ತೇನೆ:

“ಗೊತ್ತು ಕಣವ್ವ. ಆವತ್ತು ಅವ್ರ ತಾವ್ಕೆ ಯಾರೂ ಬರ್ನಿಲ್ವಂತೆ. ಜೊತ್ಗಿದ್ದೋರೆಲ್ಲ ಓಡೋದ್ರಂತೆ. ಜನ ಬರ್ದಿರೋ ಸಾವು ಎಂಗಿರ್ತದೆ ಅಂತ ನಂಗೊತ್ತಲ್ಲವ್ವ. ಅದ್ಕೆ ಕರುಸ್ದೆ.”

“ಗೊತ್ತಾದ್ರೆ ನಗ್ತಾರೆ ಕಣ್ಲಾ ಜನ.”

“ನಗ್ಲಿ ಬುಡಿ. ನಕ್ಕಂಡಾರೂ ಬತ್ತಾರಲ್ಲ.”

ದೊಡ್ಡಬಸಮ್ಮನವರು ಇಷ್ಟು ಹೇಳಿ ಗೋಡೆಯ ಕಡೆ ಹೊರಳಿ ಮಲಗಿದರು. ಅಲ್ಲಿಂದಲೇ, “ಜವರಮ್ಮ ಎದೆ ಬಡ್ಕಂಡ್ಳಲ್ಲ, ಆ ಮಗೀಗೆ ಕಣ್ಲಾ ಅವ್ಳು ಅತ್ತುದ್ದು. ಆವತ್ತು ಬರಾಕಾಗ್ನಿಲ್ಲವಲ್ಲ, ಅದ್ನೂ ಸೇರುಸ್ಕಂಡು ಅತ್ಲು” ಎಂದರು.

ನಾನು ಎದ್ದು ಮನೆಗೆ ಬಂದೆ. ಅವತ್ತಿನಿಂದ ನನಗೆ ಆ ಕಥೆಯನ್ನು ಜೋಕಾಗಿ ಹೇಳಲು ಬರುವುದಿಲ್ಲ. ಇವತ್ತು ಹೇಳಿದೆ, ನೀವು ನಕ್ಕಿರಿ, ಅದೇ ಕೊನೆ.

ನಾನು ಏನೆಂದುಕೊಂಡಿದ್ದೆ? ತಾತನ ವಿಶ್ವಾಸ ದೊಡ್ಡದು, ಬಂಡೆಯಂಥದ್ದು, ಅದು ನನಗೆ ಬರಲಿಲ್ಲ ಎಂದುಕೊಂಡಿದ್ದೆ. ಹಾಗಲ್ಲ. ಮಗ ಸತ್ತು ಯಾರೂ ಬಾರದೆ ಕೂತಿದ್ದ ಒಬ್ಬ ಮನುಷ್ಯ, ಇನ್ನೊಬ್ಬರ ಸಾವಿಗೂ ಯಾರೂ ಬರಲಿಲ್ಲ ಎಂದು ಕೇಳಿದ. ಅಷ್ಟೇ ಅವನಿಗೆ ಗೊತ್ತಿದ್ದದ್ದು. ಭಾನುವಾರ ಎಂಬುದೊಂದು ಇದೆ ಎಂದು ಕೂಡ ಗೊತ್ತಿರಲಿಲ್ಲ. ಇಷ್ಟು ನನಗೂ ಗೊತ್ತಲ್ಲವೇ? ಮೈಸೂರಿನ ಆ ಮೂಲೆಯಲ್ಲಿ ನಾನು ಒಬ್ಬನೇ ನಿಂತಿದ್ದೆನಲ್ಲ? ಎಂಟು ವರ್ಷ ನಾನು ಯಾವ ದೇವರ ಮೇಲೆ ಮುನಿಸಿಕೊಂಡಿದ್ದೆನೋ, ಆತನ ಮಣ್ಣಿಗೂ ಬಂದವರು ಕೈಬೆರಳೆಣಿಕೆಯ ಜನ.

ಫಾದರ್, ನನ್ನ ವಿಶ್ವಾಸ ಮರಳಿ ಬಂದಿದೆ ಎಂದು ನಾನು ಈ ವೇದಿಕೆಯಲ್ಲಿ ಸುಳ್ಳು ಹೇಳಲಾರೆ. ಬರಲಿ ಎಂಬ ಆಸೆ ಬಂದಿದೆ. ಮಾರ್ತಮ್ಮ ಎಲ್ಲಿಯೋ ಎದ್ದು ಕೂತಿದ್ದಾಳೆ, ನೋಡುತ್ತಿದ್ದಾಳೆ, ನನ್ನನ್ನು ಬೈಯಲು ಮಾತು ಹುಡುಕುತ್ತಿದ್ದಾಳೆ ಎಂದು ನಂಬಲು ನನಗೆ ಎಷ್ಟು ಆಸೆ ಎಂದು ನಿಮಗೆ ಹೇಗೆ ಹೇಳಲಿ? ಶುಕ್ರವಾರ ನನಗೆ ಅರ್ಥವಾಗುತ್ತದೆ. ಭಾನುವಾರ ಇನ್ನೂ ಆಗುವುದಿಲ್ಲ. ತಾತನಿಗೂ ಮೊದಲು ಬಂದದ್ದು ಶುಕ್ರವಾರವೇ. ಅದಕ್ಕೇ ಅಲ್ಲಿಂದಲೇ ಶುರು ಮಾಡೋಣ ಎಂದುಕೊಂಡಿದ್ದೇನೆ.

ಇನ್ನು ವಂದನೆಗಳು. ಟವೆಲು ಹೊದಿಸಿದ ಸಂಘದವರಿಗೆ, ಒಂದೇ ಕುರ್ಚಿ ಹಾಕಿಸಿ ಖರ್ಚು ಉಳಿಸಿದ ಕಾರ್ಯದರ್ಶಿಗಳಿಗೆ, ಇಷ್ಟು ಹೊತ್ತು ಗಂಟೆ ಬಾರಿಸದೆ ತಾಳಿಕೊಂಡ ಅಧ್ಯಕ್ಷರಿಗೆ, ಅವರ ಮನೆಯಲ್ಲಿ ಮಂಚದ ಮೇಲಿರುವ ಆ ತಾಯಿಗೆ ನಾನು ಋಣಿ.

ಕೂರುವ ಮುಂಚೆ ಒಂದು ಸುದ್ದಿ ಹೇಳಬೇಕಾಗಿದೆ. ಊರೂರಿಗೆ ಆಳು ಓಡಿಸಲು ನನ್ನಲ್ಲಿ ಜನವಿಲ್ಲ, ಆದ್ದರಿಂದ ಈ ಮೈಕಿನಲ್ಲೇ ಹೇಳುತ್ತೇನೆ. ಬರುವ ಶುಕ್ರವಾರ ನಮ್ಮ ಮನೆಯಲ್ಲಿ ಸಾವಿದೆ. ಬಾಗಿಲು ತೆಗೆದಿರುತ್ತದೆ. ನಂಬಿದವರು ಬನ್ನಿ, ನಂಬದವರೂ ಬನ್ನಿ, ನಗುವವರು ನಗುತ್ತಲೇ ಬನ್ನಿ. ತಾಯಂದಿರೇ, ನಮ್ಮ ಸ್ವಾಮಿಗಾಗಿ ಅಳುವಾಗ ನಿಮ್ಮಲ್ಲಿ ಯಾರಾದರೂ ನಡುವೆ ಒಂದು ಸಲ ಮಾರ್ತಮ್ಮನ ಹೆಸರು ಹಿಡಿದು ಅತ್ತರೆ, ಇದು ಶಾಸ್ತ್ರದಲ್ಲಿಲ್ಲ ಎಂದು ಯಾರೂ ತಡೆಯಬೇಡಿ. ಅವಳಿಗೆ ಇನ್ನೂ ಯಾರೂ ಅತ್ತಿಲ್ಲ.

ಎಲ್ಲರಿಗೂ ಇನ್ನಾಸಪ್ಪನ ನಮಸ್ಕಾರ.